ಅರ್ಧ ಬಾವಿಯ ಪಟ್ಟಿ

ಬೈಲಹೊಂಗಲದಲ್ಲಿ ನಾವು ಕೊಂಡ ಮನೆಯ ಹಿತ್ತಲಲ್ಲಿ ಒಂದು ಬಾವಿ ಇತ್ತು. ಸರಿಯಾಗಿ ಹೇಳಬೇಕೆಂದರೆ, ಅರ್ಧ ಬಾವಿ ಇತ್ತು. ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಇದ್ದ ಗೋಡೆ ಬಾವಿಯ ಬಾಯಿಗೆ ಅಡ್ಡವಾಗಿ ಹಾಸಿದ ಒಂದು ಉದ್ದನೆಯ ಕಲ್ಲಿನ ಮೇಲೆ ಹಾದುಹೋಗಿತ್ತು. ಈ ಕಡೆ ಹಗ್ಗ ಹಾಯಿಸುವ ನಮ್ಮ ಗಡಗಡೆ, ಆ ಕಡೆ ಅವರದು. ನೀರು ಸೇದುವಾಗ ಆಚೆಯವರ ಮುಖ ಗೋಡೆಗೆ ಮರೆಯಾಗುತ್ತಿತ್ತು. ಆದರೆ ಬಾಗಿ ನೋಡಿದರೆ ಕೆಳಗೆ ನೀರಿನಲ್ಲಿ ಕಾಣುತ್ತಿತ್ತು. ಹೆಂಗಸರು ನಾವು ನೀರಿನಲ್ಲೇ ಮುಖ ನೋಡಿಕೊಂಡು ಮಾತಾಡುತ್ತಿದ್ದೆವು.

ಮನೆ ಮಾರಿದವರು ಸೀರೆಯ ವ್ಯಾಪಾರಕ್ಕೆಂದು ರಾಮದುರ್ಗಕ್ಕೆ ಹೊರಟವರು. ಅಲ್ಲಿನ ಸಂಸ್ಥಾನ ಮುಂಬೈ ಇಲಾಖೆಯಲ್ಲಿ ಸೇರಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ಪುಣ್ಯಾತ್ಮರಿಗೆ ಮನೆ ಕಟ್ಟುವ ಹುಚ್ಚು. ಮಾಳಿಗೆಯ ಮಣ್ಣು ಇಳಿಸಿ ಮಂಗಳೂರು ಹಂಚು ಹೊದಿಸಿದ್ದರು, ಪಡಸಾಲೆಗೆ ಶಹಾಬಾದಿನ ಕಲ್ಲು ಹಾಸಿದ್ದರು, ಕಿಟಕಿಗೆ ಗಾಜು ಹಾಕಿಸಿದ್ದರು. ಬಾವಿ ತೋಡಿಸಿದವರೂ ಅವರೇ. ಆದರೆ ಅದರ ಅರ್ಧ ಜಾಗ ಪಕ್ಕದ ಮನೆಯದು. ಆ ಮನೆಯ ಯಜಮಾನರು ತಮ್ಮ ಹಿತ್ತಲಿನ ಜಾಗ ಬಿಟ್ಟುಕೊಟ್ಟಿದ್ದರು, ಇವರು ಕಲ್ಲು, ಕೂಲಿ ನೋಡಿಕೊಂಡಿದ್ದರು. ಎಲ್ಲಾ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಆದ ಮಾತು.

ನಾವು ಹೋಗುವ ಹೊತ್ತಿಗೆ ಆ ಯಜಮಾನರು ತೀರಿಹೋಗಿದ್ದರು. ಅವರ ಹೆಂಡತಿ ಒಬ್ಬರೇ ಇದ್ದರು. ಹಳೆಯ ಸೀರೆ ಧೋತರ ಸೇರಿಸಿ ಕೌದಿ ಹೊಲಿದು ಕೊಡುತ್ತಿದ್ದರು. ಅವರ ಕೌದಿಯ ಹೊಲಿಗೆ ಎಷ್ಟು ಸಣ್ಣದೆಂದರೆ, ಸವದತ್ತಿ ಕಡೆಯಿಂದಲೂ ಬಾಣಂತಿಯರಿಗೆಂದು ಕೇಳಿ ಒಯ್ಯುತ್ತಿದ್ದರು. ನಮ್ಮ ಅತ್ತೆಯವರನ್ನು ಮೊದಲ ದಿನದಿಂದಲೇ "ಯಕ್ಕಾ" ಎಂದರು. "ಯಕ್ಕಾ, ನಿನ್ನ ಸೊಸಿ ಕೊಡ ಎತ್ತೂದು ನೋಡಿದ್ರ ಕೂಸಿನ್ನ ಎತ್ತಿದಂಗ ಎತ್ತತಾಳ ನೋಡು, ಬೀಳಸತಾಳ ಒಂದಿನ" ಎಂದು ನೀರಿನೊಳಗಿಂದಲೇ ನಗುತ್ತಿದ್ದರು.

ನಮ್ಮ ಅತ್ತೆಯವರು ಸಿರಸಂಗಿಯವರು. ಅರ್ಧ ಆಯುಷ್ಯ ಮಣ್ಣಿನ ಮಾಳಿಗೆಯ ಕೆಳಗೆ, ಮಳೆ ಬಂದರೆ ಸೋರುವಲ್ಲೆಲ್ಲ ಪಾತ್ರೆ ಇಟ್ಟು ಕಳೆದವರು. ಹಂಚಿನ ಮನೆ ಸಿಕ್ಕ ಮೇಲೆ ಅವರಿಗೆ ಒಂದೇ ಕೆಲಸ, ಬಂದವರಿಗೆ ಮನೆ ತೋರಿಸುವುದು. ತೋರಿಸದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ. ಬಳೆಗಾರ ಬಂದರೂ ಅವನ ಬುಟ್ಟಿ ಇಳಿಸಿ, ಒಳಗೆ ಕರೆದು, ಮೇಲೆ ನೋಡು ಎನ್ನುತ್ತಿದ್ದರು.

ಹೀಗಾಗಿ ಮನೆಗಳಿಗೆ ತೆರಿಗೆ ಹಚ್ಚುವ ಪಟ್ಟಿ ಕಚೇರಿಯ ಕಾರಕೂನರು ಟೇಪು ಹಿಡಿದು ಬಂದ ದಿನವೂ ಅವರು ಮಾಡಿದ್ದು ಅದನ್ನೇ.

"ಬರ್ರಿ, ಕುಂತ್ರಿ. ನೋಡ್ರಿ ನಮ್ಮ ಪಡಸಾಲಿ. ಸುಮ್ಮನ ಅಂಗಾತ ಮಲಗಿದ್ರ ಬ್ಯಾಸಗಿ ಅನ್ನೂದು ಗೊತ್ತಾಗಂಗಿಲ್ಲ."

"ಮೊದಲ ಮಣ್ಣಿನ ಮಾಳಗಿ ಇತ್ತಲ್ರಿ?"

"ಅಯ್ಯ, ಅದನ್ನ್ಯಾಕ ಕೇಳತೀರಿ! ಈಗ ಒಂದೊಂದು ಹಂಚೂ ಮಂಗಳೂರಿಂದ ಬಂದದ್ದು. ಹಾಲ್ನಾಗ ತೊಳದಂಗ ಅದಾವ ನೋಡ್ರಿ."

ನನ್ನ ಯಜಮಾನರು ಕಾರಕೂನರ ಬೆನ್ನ ಹಿಂದೆ ನಿಂತು ಕಣ್ಸನ್ನೆ ಮಾಡುತ್ತಲೇ ಇದ್ದರು.

"ಯಾಕೋ ತಮ್ಮಾ, ಕಣ್ಣಾಗ ಏನು ಬಿತ್ತು? ತಣ್ಣೀರು ಹಾಕ್ಕೋ ಹೋಗು" ಎಂದರು ಅತ್ತೆ.

ಚಹಾ ಕುಡಿದು ಕಪ್ಪು ಕೆಳಗಿಟ್ಟ ಮೇಲೆ ಕಾರಕೂನರು ಬಂದ ಕಾರಣ ಬಿಡಿಸಿ ಹೇಳಿದರು. "ಹಳೇ ಮನಿಪಟ್ಟಿ ಮಣ್ಣಿನ ಮಾಳಗಿ ನೋಡಿ ಹಾಕಿದ್ದು ಐತ್ರಿ ಅವ್ವಾರ. ಈಗ ಮನಿ ಸುಧಾರಿಸೇತಿ, ಮಾಲಕರೂ ಬದಲಾಗ್ಯಾರ. ಏನೇನು ಹೊಸಾದು ಐತಿ ನೋಡಿ ಮತ್ತ ಪಟ್ಟಿ ಹಚ್ಚಬೇಕು."

ಅತ್ತೆಯವರ ಮುಖ ಇಳಿಯಿತು. ಅಲ್ಲಿಂದ ಮುಂದೆ ಹಂಚುಗಳೆಲ್ಲ ಹಳೆಯವಾದವು. ಪಡಸಾಲೆಯ ಕಲ್ಲು ಮೂಲೆಯಲ್ಲಿ ಸೀಳಿದ್ದು ನೆನಪಾಯಿತು. ಕಿಟಕಿಯ ಗಾಜಿನಿಂದ ಬಿಸಿಲೇ ಬರುತ್ತದೆ, ಉಪಯೋಗವಿಲ್ಲ ಎಂದರು. ಕಾರಕೂನರು ನಗು ತಡೆದುಕೊಂಡು ಹಿತ್ತಲಿಗೆ ಬಂದರು.

"ಬಾವೀನೂ ಐತಲ್ರಿ. ಪೂರಾ ನಿಮ್ಮದ ಏನು?"

"ಇಲ್ರಿಯಪ್ಪಾ, ಅರ್ಧ ಅವರದು" ಎಂದರು ಅತ್ತೆ ತಟ್ಟನೆ.

ಸುಳ್ಳಲ್ಲ ಅದು. ಸೊಸೆಯಾಗಿ ಅತ್ತೆಯ ಮಾತಿಗೆ ಬಲ ಬರಲಿ ಎಂದು ನಾನೂ ಅಂದೆ: "ಹೌದ್ರಿ, ಆ ಕಡೆ ಅವರ ಗಡಗಡಿನೂ ಐತಿ." ಕಾರಕೂನರು ಬಾವಿಗೆ ಬಾಗಿ, ಅಡ್ಡಗಲ್ಲಿನ ಕೆಳಗಿನಿಂದ ಆಚೆ ತೂಗುತ್ತಿದ್ದ ಹಗ್ಗ ನೋಡಿದರು. ಆಮೇಲೆ ಹೊರಗಿನಿಂದ ಸುತ್ತುಹಾಕಿ ಪಕ್ಕದ ಮನೆಯ ಬಾಗಿಲು ಬಡಿದರು. ನಮಗೆ ಉಸಿರು ಬಂದಂತಾಯಿತು. ಆ ಗಳಿಗೆಯ ಹಗುರ ಈಗಲೂ ನನಗೆ ನೆನಪಿದೆ. ಮರೆಯಬೇಕೆಂದರೂ ಮರೆಯಲಾಗುವುದಿಲ್ಲ.

ತಿಂಗಳೊಪ್ಪತ್ತಿನಲ್ಲಿ ಎರಡೂ ಮನೆಗೆ ನೋಟೀಸು ಬಂತು. ಪಕ್ಕದವರು ತಮ್ಮದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮಲ್ಲಿಗೆ ತಂದರು. ನಾನು ಓದಿ ಹೇಳಿದೆ. ಅವರ ಮನೆಯೂ ಇನ್ನು ಬಾವಿ ಇರುವ ಮನೆ, ಪಟ್ಟಿ ಏರಿದೆ, ಒಪ್ಪದಿದ್ದರೆ ಇಂಥ ದಿನ ಕಚೇರಿಗೆ ಬಂದು ತಕರಾರು ಹೇಳಬಹುದು.

ಅವರು ಗೋಡೆಗೆ ಒರಗಿ ಕುಳಿತರು. "ಪಟ್ಟಿ ಕಟ್ಟಾಂವ ನನ್ನ ಮೈದುನ, ದೇಗಾಂವದಾಗ ಇರತಾನ. ಮನ್ಯಾಗ ಅವಂದೂ ಪಾಲು ಐತಿ. ಒಬ್ಬಾಕಿಗೆ ಮನಿ ಯಾಕ, ಮಾರೂಣು ಅಂತ ಮೊದಲ ನಿಂತಾನ. ಇದನ್ನ ನೋಡಿದ್ರ ಬಿಟ್ಟಾನೇನ ಯಕ್ಕಾ?" ಎಂದರು. ಆಮೇಲೆ ಕೇಳಿದರು: "ಬಾವಿ ಬೀದಿಗೆ ಕಾಣಂಗಿಲ್ಲ. ಅವರಿಗೆ ಹೆಂಗ ಗೊತ್ತಾತು?"

ಅತ್ತೆ ನನ್ನ ಮುಖ ನೋಡಿದರು. ನಾನು ನೋಟೀಸು ನೋಡಿದೆ.

"ನಮ್ಮ ಮನಿ ನೋಡಾಕ ಬಂದಿದ್ರಲ್ಲ ತಂಗಿ... ಆವಾಗ ಕಂಡಿರಬೇಕು" ಎಂದರು ಅತ್ತೆ.

"ಹಂಗೇನು" ಎಂದರು ಅವರು. ಕಾಗದ ಮಡಿಚಿಕೊಂಡು ಎದ್ದು ಹೋದರು.

ಮರುದಿನ ಬಾವಿಯ ಆಚೆಯ ಅರ್ಧಕ್ಕೆ ಹಲಗೆ ಬಿದ್ದಿತ್ತು. ಬಾವಿ ಬಳಸುವುದೇ ಇಲ್ಲವೆಂದು ಕಚೇರಿಯವರಿಗೆ ಕಾಣಲಿ ಎಂದು ಅವರ ಲೆಕ್ಕ. ಗಡಗಡೆಯ ಸದ್ದು ನಿಂತಿತು. ಕೊಡ ಹೊತ್ತುಕೊಂಡು ಓಣಿ ದಾಟಿ, ಪೇಟೆ ದಾಟಿ, ಊರ ಬಾವಿಗೆ ಹೋಗತೊಡಗಿದರು. ಅವರು ನಮ್ಮ ಕಟ್ಟೆಯ ಮುಂದೆ ಹಾಯುವ ಹೊತ್ತಿಗೆ ಅತ್ತೆಯವರಿಗೆ ಒಳಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ನಾನೂ ಕಸಬರಿಗೆ ಹಿಡಿದುಕೊಂಡು ಒಳಗೇ ಸರಿಯುತ್ತಿದ್ದೆ. ಮನೆ ತೋರಿಸುವ ಸಂಭ್ರಮ ಅತ್ತೆಯವರಿಗೆ ಹೊರಟುಹೋಯಿತು. ಸಿರಸಂಗಿಯಿಂದ ಅವರ ತಂಗಿಯೇ ಬಂದಾಗ, "ಏನೈತಿ ಅದರಾಗ, ಹಂಚು ಅಂದ್ರ ಹಂಚ" ಎಂದು ಸುಮ್ಮನಾದರು.

ತಕರಾರಿನ ದಿನ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು ನಿಂತರು. ನನ್ನ ಯಜಮಾನರು ಕೇಳಿದರು, ನಮ್ಮ ತಕರಾರು ಏನೂ ಇಲ್ಲವಲ್ಲ, ಎಲ್ಲಿಗೆ ಎಂದು.

"ಬಾವಿ ಪೂರಾ ನಮ್ಮದು ಅಂತ ಹೇಳಿ ಬರತೇನಿ. ನಮಗ ಏರಲಿ. ಆಕಿಗೆ ಇಳೀಲಿ."

"ಅವ್ವಾ, ಅದು ಹಂಗ ಅಲ್ಲ, ಸ್ವಲ್ಪ ಕೇಳು..."

"ಅವತ್ತು ಕಣ್ಣು ಹೊಡದಾಂವ ನೀನು. ಇವತ್ತು ಬಾಯಿ ಮುಚ್ಚಕೊಂಡು ನಡಿ."

ನಾನೂ ಹೋದೆ. ಸಾಹೇಬರ ಮೇಜಿನ ಮುಂದೆ ಪಕ್ಕದವರು ತಲೆಯ ಮೇಲೆ ಸೆರಗು ಎಳೆದುಕೊಂಡು ಮೊದಲೇ ನಿಂತಿದ್ದರು. ಅತ್ತೆ ತಮ್ಮ ಮಾತು ಹೇಳಿದರು. ಅದೇ ಕಾರಕೂನರು ತಲೆ ಎತ್ತಿದರು.

"ಅವತ್ತ ಅರ್ಧ ಅವರದು ಅಂದ್ರಲ್ರಿ?"

"ಅವತ್ತ ಹಂಚೂ ಹಳೇವು ಅಂದಿದ್ದೆ. ಅದನ್ನ ನಂಬಿದ್ರೇನು? ವಯಸ್ಸಾದಾಕಿ, ಏನಾರೆ ಅಂತೇನಿ."

ಕಚೇರಿಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ನಗು ನಿಂತ ಮೇಲೆ ಪಕ್ಕದವರ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಏನ್ರಿ, ಬಾವ್ಯಾಗ ನಿಮ್ಮ ಹಕ್ಕು ಏನೂ ಇಲ್ಲೇನು? ಹಂಗಂತ ಬರಕೊಳ್ಳಲಿ?"

ಆಗ ನನಗೆ ಗೊತ್ತಾಯಿತು, ಯಜಮಾನರು ಬೆಳಿಗ್ಗೆ ಏನು ಹೇಳಹೊರಟಿದ್ದರೆಂದು: ಪಟ್ಟಿಯ ಜೊತೆಗೆ ಅವರ ಹಕ್ಕೂ ಹೋಗುತ್ತದೆ. ಅತ್ತೆಯವರಿಗೂ ಗೊತ್ತಾಗಿರಬೇಕು. ಪಕ್ಕದವರು ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಜಾಗ ಬಿಟ್ಟುಕೊಟ್ಟ ಗಂಡನನ್ನು ನೆನೆದರೋ, ಮನೆ ಮಾರಲು ನಿಂತ ಮೈದುನನನ್ನು ನೆನೆದರೋ, ನನಗೆ ತಿಳಿಯದು.

"ಇಲ್ರಿ" ಎಂದರು. ಮಸಿ ಹಚ್ಚಿ ಹೆಬ್ಬೆರಳು ಒತ್ತಿದರು. ಆಮೇಲೆ ಅದನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಎತ್ತಿ ಹಿಡಿದುಕೊಂಡು ಮನೆಯವರೆಗೂ ನಡೆದರು.

ಅವರ ಪಟ್ಟಿ ಇಳಿಯಿತು. ಮೈದುನ ಸುಮ್ಮನಾದ. ಮನೆ ಉಳಿಯಿತು. ಅತ್ತೆ ಗೋಡೆಯ ಹತ್ತಿರ ಹೋಗಿ ಕೂಗಿ ಹೇಳಿದರು, "ತಂಗೀ, ಇನ್ನ ಆ ಹಲಗಿ ತಗಿ."

ಹಲಗೆ ತೆಗೆದರು. ಮರುದಿನ ಬೆಳಿಗ್ಗೆ ಗಡಗಡೆಯ ಸದ್ದಿಗೆ ಮೊದಲು ಒಂದು ದನಿ ಬಂತು.

"ಅವ್ವಾರ, ನೀರು ಸೇದಲೇನ್ರಿ?"

ಅತ್ತೆ ಚೇಷ್ಟೆಯೆಂದು ನಕ್ಕರು. "ಸೇದ ತಂಗಿ, ಕೇಳೂದೇನೈತಿ!" ಆದರೆ ಸಂಜೆಯೂ ಕೇಳಿದರು. ಮರುದಿನವೂ. ಕುಹಕವಿಲ್ಲ, ಸಿಟ್ಟಿಲ್ಲ. ಬೇರೆಯವರ ಬಾವಿಗೆ ಹೋದ ಮರ್ಯಾದಸ್ಥ ಹೆಂಗಸು ಹೇಗೆ ಕೇಳುತ್ತಾಳೋ ಹಾಗೆ. "ಯಕ್ಕಾ" ಹೋಗಿ "ಅವ್ವಾರ" ಬಂದಿತ್ತು. ಕೇಳಬೇಡ ಎಂದು ಅತ್ತೆ ಬೇಡಿಕೊಂಡರು, ಒಮ್ಮೆ ಬೈದೂ ಬೈದರು. ಬರೆದದ್ದನ್ನು ತಿದ್ದಿಸಿ ಬಾ ಎಂದು ಮಗನ ಬೆನ್ನು ಹತ್ತಿದರು. ತಿದ್ದಿಸಿದರೆ ಪಟ್ಟಿ ತಿರುಗಿ ಅವರ ಮೇಲೆಯೇ ಬೀಳುತ್ತದೆ ಎಂದರು ಯಜಮಾನರು. ಕೊನೆಗೆ ಅತ್ತೆ ಬಾವಿಯ ಕಡೆ ಹೋಗುವುದನ್ನೇ ಬಿಟ್ಟರು. "ಸೇದ್ರಿ" ಎನ್ನುವ ಕೆಲಸ ನನಗೆ ಬಂತು.

ಒಂದು ದಿನ ಒಲೆಯ ಮೇಲೆ ಹಾಲಿಟ್ಟು ಓಡಿಬಂದು ಒಂದು ಕೊಡ ಸೇದಿಕೊಂಡು ಒಳಗೆ ಹೋದೆ. ಬಾಗಿಲ ಮರೆಗೆ ಬಂದಿದ್ದೇನೆ, ಹಿತ್ತಲಿನಲ್ಲಿ ಯಾರೂ ಇಲ್ಲ, ಆಚೆಯಿಂದ ಆ ದನಿ: "ಸೇದಲೇನ್ರಿ?"

"ಸೇದ್ರಿ" ಎಂದರೆ ಬಾವಿ ನಮ್ಮದೆಂದು ಮತ್ತೊಮ್ಮೆ ಹೇಳಿದಂತೆ. ಸುಮ್ಮನಿದ್ದರೆ ಅವರು ಖಾಲಿ ಕೊಡ ಹಿಡಿದು ನಿಂತೇ ಇರುತ್ತಾರೆ. ಗಡಗಡೆಯ ಸದ್ದಿಲ್ಲ, ನಿಂತೇ ಇದ್ದರು. ಒಳಗೆ ಹಾಲು ಉಕ್ಕಿ ಕೆಂಡದ ಮೇಲೆ ಚುಂಯ್ ಎಂದಿತು.

ತುಂಬಿದ ಕೊಡ ಹೊಸ್ತಿಲಲ್ಲೇ ಇಟ್ಟು, ಖಾಲಿ ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಏನೂ ಅನ್ನದೆ ಹಗ್ಗ ಇಳಿಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಆಚೆಯ ಗಡಗಡೆಯೂ ತಿರುಗಿತು. ಕೆಳಗೆ ಕೊಡಕ್ಕೆ ಕೊಡ ತಾಗಿ ಠಣ್ ಎಂದಿತು. ನೀರು ಕಲಕಿ ಅವರ ಮುಖ ಒಡೆಯಿತು, ಮೆಲ್ಲಗೆ ಮತ್ತೆ ಕೂಡಿತು.

"ನಿನ್ನ ಹಗ್ಗ ಸವದೈತಿ ನೋಡು" ಎಂದರು ನೀರಿನೊಳಗಿಂದ. "ಬದಲಸು. ಕೊಡ ಹೋದೀತು."

ಅಂದೇ ಸಂಜೆ ಯಜಮಾನರಿಗೆ ಹೇಳಿ ಹೊಸ ಹಗ್ಗ ತರಿಸಿದೆ. ಎರಡು ತರಿಸಿ ಒಂದನ್ನು ಗೋಡೆಯ ಮೇಲಿನಿಂದ ಆಚೆ ಇಳಿಬಿಟ್ಟೆ. ಅವರು ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಹೊಸ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಮತ್ತೆ ಕೇಳಿದರು: "ಸೇದಲೇನ್ರಿ?"