ಸಾಮೋಲಿಯ ದೀರ್ಘ

ಪೆಲೆಯುಪು ಸವಾಯಿ ದ್ವೀಪದ ಪಾದ್ರಿಯ ಮಗಳು. ಗಂಡನನ್ನು ಕಡಲು ನುಂಗಿದ ಮೇಲೆ ರಾಜಧಾನಿ ಆಪಿಯಾಕ್ಕೆ ಬಂದು ಚರ್ಚಿನ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದಳು. ಕಂಪ್ಯೂಟರ್ ಬಂದಾಗ ಅದನ್ನೂ ಕಲಿತಳು. ಈಗ ಹವಾಮಾನ ಕಚೇರಿಯಿಂದ ಜನರ ಫೋನುಗಳಿಗೆ ಎಚ್ಚರಿಕೆ ಕಳಿಸುವ ಕೆಲಸ ಅವಳದು.

ಚಂಡಮಾರುತ ದಿಕ್ಕು ಬದಲಿಸಿ ದ್ವೀಪದತ್ತ ತಿರುಗಿದ ಮಧ್ಯಾಹ್ನವೇ ಸಂದೇಶ ಓದಿ ಕಳಿಸುವ ಯಂತ್ರ ಮುಷ್ಕರ ಹೂಡಿತು. ‘ā ಗೊತ್ತಿಲ್ಲ’ ಎಂದು ಪರದೆ ಹೇಳಿತು. ಊರ ಹೆಸರುಗಳು ಬಂದದ್ದು ಹಳೆಯ ಜಾಲತಾಣದಿಂದ. ತಲೆಯ ಮೇಲೆ ಗೆರೆಯಿರುವ ದೀರ್ಘಾಕ್ಷರಕ್ಕೆ ಅಲ್ಲಿ ಇಟ್ಟಿದ್ದ ಅಡ್ಡಹೆಸರು ಅದು. ಈ ಯಂತ್ರ ಓದುವುದು ಎಕ್ಸ್‌ಎಂಎಲ್ ಎಂಬ ಕಟ್ಟುನಿಟ್ಟಾದ ಬರಹಕ್ರಮವನ್ನು. ತನಗೆ ಗೊತ್ತಿರುವ ಐದು ಅಡ್ಡಹೆಸರು ಬಿಟ್ಟು ಬೇರೆ ಒಂದು ಕಂಡರೂ ಇಡೀ ಸಂದೇಶವನ್ನೇ ಬಿಸಾಡುತ್ತದೆ.

ಮೇಲಧಿಕಾರಿ ಲೆಸಾ ಧಾವಿಸಿ ಬಂದ. “ಗೆರೆ ಕಿತ್ತಾಕಮ್ಮ! ಹ್ರಸ್ವ ಹಾಕಿ ಕಳ್ಸು, ಜನ ಓದ್ಕೋತಾರೆ.”

“ಆಗಲ್ಲ ಲೆಸಾ ಅವ್ರೇ. ಸಾಮೋಲಿ ಕಡಲಂಚಲ್ಲಿದೆ, ಸಮೋಲಿ ಗುಡ್ಡದ ಮೇಲಿದೆ. ಗೆರೆ ಹೋದ್ರೆ ಗುಡ್ಡದವ್ರು ಮನೆ ಬಿಟ್ಟು ಇಳೀತಾರೆ, ಕಡಲಿನೋರು ಸುಮ್ನೆ ಕೂತಿರ್ತಾರೆ. ನಮ್ಮಮ್ಮ, ಅಕ್ಕ ಇರೋದೇ ಆ ಕಡಲಂಚಲ್ಲಿ.”

ಲೆಸಾ ಮುಖ ಒರೆಸಿಕೊಂಡ. “ಸರಿ, ನಾನು ರೇಡಿಯೋದವರಿಗೆ ಹೇಳ್ತೀನಿ. ನೀನು ಬೇಗ ಮಾಡು, ತಾಯಿ.”

ಅವಳು ಅಡ್ಡಹೆಸರಿನ ಮೊದಲ ‘&’ ಚಿಹ್ನೆಯನ್ನೇ ಮಾಮೂಲಿ ಅಕ್ಷರವೆಂದು ಬರೆದು ನೋಡಿದಳು. ಯಂತ್ರ ತಕರಾರಿಲ್ಲದೆ ನುಂಗಿತು. ಪರೀಕ್ಷೆಗೆಂದಿಟ್ಟ ಫೋನಿನಲ್ಲಿ ಮೂಡಿದ್ದು ಮಾತ್ರ ‘Sāmoli’.

“ಇದ್ಯಾವ ದೆವ್ವದ ಊರಮ್ಮ?” ಎಂದ ಲೆಸಾ, ರೇಡಿಯೋದವರ ಫೋನು ಕಿವಿಗಿಟ್ಟುಕೊಂಡೇ.

ಕಿಟಕಿಯಾಚೆ ತೆಂಗಿನ ಮರಗಳು ಆಗಲೇ ಬಾಗಿದ್ದವು. ಯಂತ್ರಕ್ಕೆ ಗೊತ್ತಿರುವ ಐದನ್ನು ಮುಟ್ಟದೆ, ಉಳಿದ ಪ್ರತಿ ಅಡ್ಡಹೆಸರನ್ನೂ ಯಂತ್ರ ಓದುವ ಮೊದಲೇ ನಿಜವಾದ ಅಕ್ಷರಕ್ಕೆ ಬದಲಿಸುವ ಪುಟ್ಟ ಪ್ರೋಗ್ರಾಂ ಬರೆದಳು. ಒಂದು ಕಡೆ ತಪ್ಪಿತು, ತಿದ್ದಿದಳು. ಫೋನು ಮಿನುಗಿತು: Sāmoli.

“ಕಳ್ಸು!” ಲೆಸಾ ಕೂಗಿದ.

ಸ್ವಲ್ಪ ಹೊತ್ತಿಗೆ ಅಕ್ಕನ ಕರೆ ಬಂತು, ಗಾಳಿಯ ಸದ್ದಿನ ನಡುವೆ. “ಪೆಲೆ, ಹತ್ತುತ್ತಾ ಇದೀವಿ ಕಣೇ! ಅಮ್ಮ ಹಂದಿ ಬಿಟ್ಟು ಬರಲ್ಲ ಅಂತಾಳೆ!”

“ಹಂದೀನೂ ಹೊತ್ಕೊಳ್ರೇ, ನಿಲ್ಬೇಡಿ!”

ಸಂಜೆ ಅಲೆಗಳು ಸಾಮೋಲಿಯ ಮನೆಗಳನ್ನು ಗುಡಿಸಿಕೊಂಡು ಹೋದಾಗ ಜನ ಗುಡ್ಡದ ಚರ್ಚಿನಲ್ಲಿದ್ದರು. ದೋಣಿ ಕಟ್ಟಿಬರುತ್ತೇನೆಂದು ಇಳಿದ ಮುದುಕ ಇಯೋಸುವಾ ಒಬ್ಬ ಮರಳಲಿಲ್ಲ. ಅವನ ಮಣ್ಣಿಗೆ ಪೆಲೆಯುಪು, ಅಲ್ಲಿಯ ವಾಡಿಕೆಯಂತೆ, ತಾನೇ ನೇಯ್ದ ಚಾಪೆ ಹೊತ್ತು ಹೋದಳು. ಅವನ ಮಗಳು ಅವಳನ್ನು ಅಪ್ಪಿಕೊಂಡು, “ಸಂದೇಶ ನಾನೇ ಓದಿ ಹೇಳಿದ್ದೆ, ಅಪ್ಪ ಕೇಳ್ಲಿಲ್ಲ” ಎಂದು ಅತ್ತಳು. ಪೆಲೆಯುಪು ಚಾಪೆಯ ಒಂದು ತುದಿಯನ್ನು ಅವಳ ಕೈಗಿಟ್ಟಳು; ಇಬ್ಬರೂ ಸೇರಿ ಅದನ್ನು ಬಿಡಿಸಿದರು.