ಒಂದನೇ ನಂಬರಿನ ಸೀಟು

ಅವರ ಬಲಗಿವಿ ಎಡಗಿವಿಗಿಂತ ಬೆರಳಗಲ ಹೊರಗೆ ಬಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಮೂವತ್ತು ವರ್ಷ ಒಂದೇ ಕಿವಿಯ ಹಿಂದೆ ದಪ್ಪನೆಯ ಪೆನ್ಸಿಲ್ ಸಿಕ್ಕಿಸಿಕೊಂಡರೆ ಪಾಪ, ಕಿವಿಯಾದರೂ ಏನು ಮಾಡೀತು? ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ ಅದು. ಕ್ಷೌರಕ್ಕೆ ಕೂತಾಗ ಮಾತ್ರ ಅದು ಕಿವಿಯಿಂದ ಜೇಬಿಗೆ ಇಳಿಯುತ್ತದೆ ಎಂದು ಬಸ್ ಸ್ಟ್ಯಾಂಡಿನವರು ನಗುತ್ತಿದ್ದರು.

ಸಾಗರದ ಖಾಸಗಿ ಬಸ್ ನಿಲ್ದಾಣದಲ್ಲಿ ಅವರು ಬುಕಿಂಗ್ ಏಜೆಂಟರು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲಾಗದ ಗೂಡು, ಅದಕ್ಕೊಂದು ಅರ್ಧ ಕಿಟಕಿ, ಕಿಟಕಿಯ ಒಳಗೆ ಅವರು. ಊರಿಗೆಲ್ಲ ಕಂಪ್ಯೂಟರ್ ಬಂದು, ಜನ ಮೊಬೈಲಿನಲ್ಲೇ ಸೀಟು ಹಿಡಿಯತೊಡಗಿದ ಮೇಲೂ ಅವರು ಕಾಗದದ ಚಾರ್ಟು ಬಿಡಲಿಲ್ಲ. ಈ ಕಡೆ ಎರಡು ಚೌಕ, ಆ ಕಡೆ ಎರಡು ಚೌಕ, ನಡುವೆ ಓಡಾಡುವ ದಾರಿ. ಹೆಂಗಸರ ಹೆಸರು ಕೆಂಪಿನಲ್ಲಿ, ಗಂಡಸರದು ನೀಲಿಯಲ್ಲಿ. ಬಸ್ಸು ಹೊರಡುವ ಮೊದಲು ಬಾಗಿಲ ಬಳಿ ನಿಂತು ಒಂದನೇ ನಂಬರಿನಿಂದ ಹೆಸರು ಕರೆಯುತ್ತಿದ್ದರು. ಹೆಸರು ಕರೆದವರು ಹತ್ತಬೇಕು, ಕರೆಯದವರು ಕಾಯಬೇಕು. ಶಾಸಕರ ಶಿಫಾರಸು ತಂದವನಿಗೂ ಅಷ್ಟೆ, ಸಂತೆಯ ಚೀಲ ಹೊತ್ತ ಅಜ್ಜಿಗೂ ಅಷ್ಟೆ. ಒಮ್ಮೆ ಕರೆದ ಚಾರ್ಟನ್ನು ಅವರು ತಿದ್ದಿದ್ದನ್ನು ಯಾರೂ ಕಂಡಿರಲಿಲ್ಲ.

"ಕೂರೋ ಜಾಗ ಯಾವ್ದು ಅಂತ ಗೊತ್ತಾದ್ರೆ ಮನುಷ್ಯಂಗೆ ಅರ್ಧ ಸಮಾಧಾನ ಕಣೆ ತಂಗಿ" ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ನಾನಾಗ ರಿಪ್ಪನ್‌ಪೇಟೆ ಹತ್ತಿರದ ನಮ್ಮೂರಿನಿಂದ ಸಾಗರದ ಕಾಲೇಜಿಗೆ ದಿನಾ ಓಡಾಡುತ್ತಿದ್ದ ಹುಡುಗಿ. ಸಂಜೆಯ ಬಸ್ಸಿಗೆ ನಾನು ಓಡಿಬರುವುದನ್ನು ನೋಡಿ, "ಬಂದ್ಲಪ್ಪ ಮಹಾರಾಣಿ, ಇನ್ನು ಬಸ್ ಬಿಡಿ" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ನಾನು ಬರುವ ಮೊದಲು ಆ ಬಸ್ಸು ಒಂದು ದಿನವೂ ಹೊರಟಿರಲಿಲ್ಲ ಎಂಬುದು ಹೊಳೆಯಲು ನನಗೆ ಡಿಗ್ರಿ ಮುಗಿಯಬೇಕಾಯಿತು.

ನನ್ನ ತಮ್ಮ ಮಿಲಿಟರಿ ಸೇರಲು ಹೊರಟ ದಿನ ಅವನನ್ನು ಬಸ್ಸಿಗೆ ಹತ್ತಿಸಿದವರೂ ಅವರೇ. ಅವರು ಯಾರಿಗೂ 'ಹೋಗು' ಎನ್ನುತ್ತಿರಲಿಲ್ಲ. ಶಿವಮೊಗ್ಗಕ್ಕೆ ಹಲ್ಲು ಕೀಳಿಸಲು ಹೊರಟವರಿಗೂ 'ಹೋಗಿ ಬನ್ನಿ' ಎಂದೇ ಹೇಳಿ ಬಸ್ಸಿನ ಮೈಗೆ ಎರಡು ಸಲ ತಟ್ಟುತ್ತಿದ್ದರು. ಪ್ರತಿ ರಜೆ ಮುಗಿದಾಗಲೂ ತಮ್ಮ ಆ ತಟ್ಟುವ ಸದ್ದು ಕೇಳಿಯೇ ಹೋಗುತ್ತಿದ್ದ. ಹನ್ನೊಂದು ವರ್ಷ ಹೋಗಿ ಬಂದ.

ಗಡಿಯ ಹಿಮದಲ್ಲಿ ಅವನು ತೀರಿಕೊಂಡ ಸುದ್ದಿ ಒಂದು ಬೆಳಿಗ್ಗೆ ಫೋನಿನಲ್ಲಿ ಬಂತು. ಎರಡು ದಿನ ಬಿಟ್ಟು ದೇಹವನ್ನು ಬೆಂಗಳೂರಿಗೆ ವಿಮಾನದಲ್ಲಿ ತಂದು, ಅಲ್ಲಿಂದ ರಸ್ತೆಯಲ್ಲಿ ಊರಿಗೆ ಕಳಿಸುತ್ತೇವೆ, ಮಧ್ಯಾಹ್ನ ಎರಡು ಗಂಟೆಗೆ ನಿಮ್ಮೂರ ಶಾಲೆ ಮೈದಾನದಲ್ಲಿ ಸೇನಾ ಗೌರವ, ಮನೆಯವರೆಲ್ಲ ಅಷ್ಟರೊಳಗೆ ಇರಬೇಕು ಎಂದರು ಸೇನೆಯವರು. ಅಮ್ಮ ಊರಿನಲ್ಲಿ ಚಿಕ್ಕಪ್ಪನ ಮನೆಯವರ ಜೊತೆ ಇದ್ದಳು. ತಮ್ಮನ ಹೆಂಡತಿ ನಾಲ್ಕು ವರ್ಷದ ಮಗಳೊಂದಿಗೆ ಬೆಳಗಾವಿ ಕಡೆಯ ತವರಿನಲ್ಲಿದ್ದಳು. ಅಮ್ಮನ ತವರಿನವರು ತೀರ್ಥಹಳ್ಳಿಯಲ್ಲಿ. ನಾನು, ನನ್ನ ಗಂಡ ಸಾಗರದಲ್ಲಿ. ಯಾರು ಯಾವಾಗ ಹೊರಡಬೇಕು, ಎಲ್ಲಿ ಇಳಿಯಬೇಕು, ಬಂದವರು ಎಲ್ಲಿ ಮಲಗಬೇಕು, ಸೈನಿಕರಿಗೆ ಏನು ವ್ಯವಸ್ಥೆ? ಎಲ್ಲರೂ ನನಗೇ ಫೋನ್ ಮಾಡುತ್ತಿದ್ದರು. ನಾನು 'ಹೂಂ' ಎನ್ನುತ್ತಿದ್ದೆ, ಏನು ಕೇಳಿದರೆಂದು ಗೊತ್ತಾಗುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಯಾಕೆ ಅಲ್ಲಿಗೆ ಹೋದೆ ಎಂದು ಇವತ್ತಿಗೂ ಹೇಳಲಾರೆ.

"ಎಂತ ಆಯ್ತೆ?" ಎಂದರು ಏಜೆಂಟರು. ಹೇಳಿದೆ. ಅವರು ಕಿಟಕಿ ಮುಚ್ಚಿದರು. ಹಗಲು ಹೊತ್ತಿನಲ್ಲಿ ಆ ಕಿಟಕಿ ಮುಚ್ಚಿದ್ದನ್ನು ನಾನು ಮೊದಲ ಬಾರಿ ನೋಡಿದ್ದು. ತಮ್ಮ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ತಾವು ಹೊರಗೆ ಬಾಗಿಲಲ್ಲಿ ನಿಂತು, ಖಾಲಿ ಚಾರ್ಟೊಂದನ್ನು ಗೋಡೆಗೆ ಒತ್ತಿ ಹಿಡಿದು ಕಿವಿಯಿಂದ ಪೆನ್ಸಿಲ್ ತೆಗೆದರು.

"ಒಬ್ಬೊಬ್ರದ್ದೇ ಹೆಸ್ರು ಹೇಳ್ತಾ ಹೋಗು. ಅಳೋದಾದ್ರೆ ಅಳು, ಹೆಸ್ರು ಮಾತ್ರ ಬಿಡಬೇಡ."

ಅಂದು ಬಣ್ಣಗಳ ಲೆಕ್ಕವೇ ಬೇರೆ. ಸೂತಕ ಇರುವವರು ಕೆಂಪು, ಇಲ್ಲದವರು ನೀಲಿ. ಸೂತಕದವರು ಬೇರೆಯವರ ಮನೆಯೊಳಗೆ ಉಳಿಯುವಂತಿಲ್ಲ, ಉಣ್ಣುವಂತಿಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಇದನ್ನು ಮರೆತು ಹಾಸಿಗೆ ಹಂಚಿದರೆ ಅಷ್ಟು ದುಃಖದ ನಡುವೆಯೂ ಯಾರೋ ಒಬ್ಬರ ಮುಖ ಸಪ್ಪಗಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. "ನೀನು ಮದ್ವೆ ಆಗಿ ಹೋದೋಳು, ನಿಂಗೆ ಮೂರೇ ದಿನ. ಆದ್ರೂ ಕೆಂಪು" ಎಂದು ನನ್ನ ಹೆಸರು ಬರೆದರು. ಕೆಂಪಿನವರೆಲ್ಲ ಚಿಕ್ಕಪ್ಪನ ಮನೆಗೆ ಮತ್ತು ದಾಯಾದಿಗಳ ಮನೆಗೆ. ನೀಲಿಯವರು ರಿಪ್ಪನ್‌ಪೇಟೆಯಲ್ಲಿ ಏಜೆಂಟರಿಗೆ ಪರಿಚಯವಿದ್ದ ಡ್ರೈವರು, ಕಂಡಕ್ಟರುಗಳ ಮನೆಗೆ. ತೀರ್ಥಹಳ್ಳಿಯವರು ಬೆಳಗಿನ ಮೊದಲ ಬಸ್ಸಿಗೆ ಹೊರಟು ಸಂಜೆ ವಾಪಸು. ಬೆಳಗಾವಿಯವರಿಗೆ ನಮ್ಮ ಅನ್ನ ಎಷ್ಟು ಉಂಡರೂ ಉಂಡಂತಾಗುವುದಿಲ್ಲ ಎಂದು ಸಾಗರದ ಖಾನಾವಳಿಗೆ ಫೋನು ಮಾಡಿ ಜೋಳದ ರೊಟ್ಟಿ ಹೇಳಿದರು.

ದೇಹದ ಜೊತೆ ಬರುವ ಹನ್ನೊಂದು ಮಂದಿ ಸೈನಿಕರಿಗೆ ಹೊಸನಗರದ ಲಾಡ್ಜಿನಲ್ಲಿ ರೂಮು ಆಯಿತು. ಅವರ ಸುಬೇದಾರರಿಗೆ ಫೋನಿನಲ್ಲಿ ದಾರಿ ಹೇಳಬೇಕಿತ್ತು. ಏಜೆಂಟರ ಹಿಂದಿ ಕೇಳುವಂತಿತ್ತು. "ಸಾಬ್, ಘಾಟ್ ನಹೀ ಹೈ, ಮಗರ್ ತಿರುವು ಬಹುತ್. ಡ್ರೈವರ್ ಕೋ ಬೋಲೋ, ನಿಧಾನ್ ನಿಧಾನ್." ಆ ದಿನ ನನ್ನ ಮುಖದಲ್ಲಿ ನಗು ಸುಳಿದದ್ದು ಅದೊಂದೇ ಸಲ. ಸೈನಿಕರ ಊಟ ಎಲ್ಲಿ ಎಂದು ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ನನ್ನ ಗಂಡ ಕೇಳಿದರು. ಏಜೆಂಟರು ಪೆನ್ಸಿಲನ್ನು ಎರಡು ಸಲ ತಿರುಗಿಸಿ, ಹನ್ನೊಂದು ಮಂದಿಯನ್ನೂ ಕೆಂಪಿನಲ್ಲೇ ಬರೆದರು.

"ಹನ್ನೊಂದು ವರ್ಷ ಅವ್ನ ಜೊತೆ ಒಂದೇ ಪಾತ್ರೇಲಿ ಉಂಡೋರು. ಅವ್ರು ದಾಯಾದಿಗಳಲ್ದೆ ಮತ್ತೆಂತ? ಮನೆಯೋರ ಪಂಕ್ತೀಲೇ ಕೂರ್ಲಿ."

ಶಾಸ್ತ್ರದಲ್ಲಿ ಹಾಗೆ ಎಲ್ಲಿಯೂ ಇರಲಿಕ್ಕಿಲ್ಲ. ಆದರೆ ಚಿಕ್ಕಪ್ಪ ಒಂದು ಮಾತೂ ಎತ್ತದೆ ಒಪ್ಪಿಕೊಂಡರು. ಆ ಹುಡುಗರು ನಮ್ಮ ಜೊತೆ ನೆಲಕ್ಕೆ ಕೂತು ನೆರೆಯವರು ತಂದ ಗಂಜಿ ಉಂಡದ್ದನ್ನು ಅಮ್ಮ ಇವತ್ತಿಗೂ ನೆನೆಯುತ್ತಾಳೆ.

ದೇಹ ಬರುವ ದಿನ ಬೆಳಗಾವಿಯವರು ಬೆಳಿಗ್ಗೆ ಏಳಕ್ಕೇ ಸಾಗರಕ್ಕೆ ಬರಬೇಕಿತ್ತು. ಬಸ್ ಸ್ಟ್ಯಾಂಡಿನ ಪಕ್ಕದ ಲಾಡ್ಜಿನಲ್ಲಿ ಸ್ನಾನಕ್ಕೆ, ಸ್ವಲ್ಪ ಬೆನ್ನು ಚಾಚುವುದಕ್ಕೆ ಎರಡು ರೂಮು ಹಿಡಿದು, ಬಿಸಿನೀರು ಕಾಯಿಸಿಟ್ಟಿದ್ದರು ಏಜೆಂಟರು. ದಾರಿಯಲ್ಲಿ ಎರಡು ಸಲ ಟಯರು ಹೋಗಿ ಅವರ ಬಸ್ಸು ಬಂದಾಗ ಹನ್ನೊಂದೂಕಾಲು. ಮುಖ ತೊಳೆದುಕೊಳ್ಳಲಷ್ಟೇ ಸಮಯ. ತಮ್ಮನ ಹೆಂಡತಿ ಯಾರನ್ನೂ ನೋಡುತ್ತಿರಲಿಲ್ಲ, ಕೈ ಹಿಡಿದು ನಡೆಸಿದರೆ ನಡೆಯುತ್ತಿದ್ದಳು. ನನಗಿದ್ದದ್ದು ಒಂದೇ ಚಿಂತೆ. ಎರಡು ಗಂಟೆಗೆ ಮೊದಲು ಇವಳು ಅವನ ಮುಖ ನೋಡಬೇಕು. ಆನಂದಪುರದ ಮೇಲೆ ನಮ್ಮೂರಿಗೆ ಒಂದೂಕಾಲು ಗಂಟೆಯ ದಾರಿ.

ಹದಿಮೂರು ಸೀಟಿನ ಟೆಂಪೋ ಸಿದ್ಧವಾಗಿ ನಿಂತಿತ್ತು. ತಿರುವಿನ ದಾರಿ ತೋರಿಸಬೇಕೆಂದು ಒಂದನೇ ನಂಬರಿನಲ್ಲಿ, ಡ್ರೈವರ್ ಪಕ್ಕ, ತಮ್ಮದೇ ಹೆಸರು ಬರೆದುಕೊಂಡಿದ್ದರು ಏಜೆಂಟರು. ಬಾಗಿಲ ಬಳಿ ನಿಂತು ಹೆಸರು ಕರೆದರು. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸದ್ದಿಲ್ಲದೆ ಕೂತರು. ಅವರು ಹೇಳುತ್ತಿದ್ದ ಆ ಅರ್ಧ ಸಮಾಧಾನವನ್ನು ನಾನು ಅವತ್ತು ಕಣ್ಣಾರೆ ಕಂಡೆ.

ಮಗು ಮಾತ್ರ ಕೆಳಗೇ ನಿಂತಿತ್ತು.

"ಬಾರೆ, ಅಜ್ಜನ ತೊಡಿ ಮ್ಯಾಲ ಕುಂದ್ರು" ಎಂದು ಅವಳ ಅಜ್ಜ ಕೈ ಚಾಚಿದರು.

"ನಾ ಬರಂಗಿಲ್ಲ."

"ಯಾಕವ್ವಾ?"

"ನನ್ ಹೆಸರ ಕರೀಲಿಲ್ಲ."

ಅಜ್ಜ ಗದರಿದರು, ಅಜ್ಜಿ ಪುಸಲಾಯಿಸಿದಳು, ನಾನು ಇಳಿದು ಎತ್ತಿಕೊಳ್ಳಲು ಹೋದೆ. ಅವಳು ಬಾಗಿಲ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿರುಚಿದಳು. ಅಪ್ಪನ ಹತ್ತಿರ ಹೋಗುವವರ ಹೆಸರು ಒಂದೊಂದಾಗಿ ಕೇಳಿಸಿಕೊಂಡಿದ್ದಳು, ಅದರಲ್ಲಿ ಅವಳದು ಇರಲಿಲ್ಲ. ತೊಡೆಯ ಮೇಲೆ ಕೂರುವ ಮಕ್ಕಳಿಗೆ ಸೀಟಿಲ್ಲ ಎನ್ನುವುದು ಬಸ್ಸಿನ ನಿಯಮ. ಮೂವತ್ತು ವರ್ಷದ ರೂಢಿಯಲ್ಲಿ ಏಜೆಂಟರ ಪೆನ್ಸಿಲು ಅವಳನ್ನು ದಾಟಿ ಹೋಗಿತ್ತು. ಹೆಸರು ಹೇಳಿದವಳು ನಾನು. ನನಗೂ ಹೊಳೆದಿರಲಿಲ್ಲ.

ಗಂಟೆ ಹನ್ನೆರಡಾಗಿತ್ತು. ಎತ್ತಿ ಒಳಗೆ ಹಾಕಿ ಹೊರಡಿ ಎಂದು ಯಾರೋ ಕೂಗಿದರು. ಏಜೆಂಟರು ಕೈಯೆತ್ತಿ ಸುಮ್ಮನಿರಿಸಿದರು. ಚಾರ್ಟನ್ನು ಟೆಂಪೋದ ಮೈಗೆ ಒತ್ತಿ ಹಿಡಿದು ಒಂದನೇ ಚೌಕದಲ್ಲಿದ್ದ ತಮ್ಮ ಹೆಸರನ್ನು ಹೊಡೆದುಹಾಕಿದರು. ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು, "ನಿನ್ನ ಪೂರ್ತಿ ಹೆಸ್ರು ಎಂತ ಪುಟ್ಟಿ?" ಎಂದು ಕೇಳಿದರು. ಅವಳು ಅಪ್ಪನ ಹೆಸರನ್ನೂ ಸೇರಿಸಿ ಹೇಳಿದಳು. ಅದನ್ನು ಕೆಂಪಿನಲ್ಲಿ ಬರೆದರು. ಆಮೇಲೆ ಎದ್ದು ನಿಂತು, ಆಗಲೇ ಕೂತಿದ್ದ ಅಷ್ಟೂ ಜನರ ಹೆಸರನ್ನು ಮೊದಲಿನಿಂದ ಇನ್ನೊಮ್ಮೆ ಕರೆದರು. ಒಂದನೇ ನಂಬರಿಗೆ ಅವಳ ಪೂರ್ತಿ ಹೆಸರು. ಮಗು ಹಿಡಿಕೆ ಬಿಟ್ಟು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತಿತು. ಅವರು ಬೆಲ್ಟು ಹಾಕಿ ಬಾಗಿಲು ಮುಚ್ಚಿದರು.

ಅರವತ್ತು ದಾಟಿದ ಮನುಷ್ಯ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಮುದುಡಿ ಕೂತು ನಮ್ಮೂರಿನವರೆಗೆ ಬಂದರು. ಅಲ್ಲಿಂದಲೇ ತಿರುವುಗಳನ್ನು ಕೂಗಿ ಹೇಳುತ್ತಿದ್ದರು. ಆನಂದಪುರ ದಾಟುವಾಗ ಒಮ್ಮೆಲೇ "ಅಯ್ಯೋ" ಎಂದು ಹಣೆ ಬಡಿದುಕೊಂಡರು. ಮೈದಾನದಲ್ಲಿ ಮನೆಯವರಿಗೆ ಕುರ್ಚಿ ಹಾಕುವವರಿಗೆ ಕೊಟ್ಟದ್ದೂ ಇದೇ ಪಟ್ಟಿ! ಫೋನು ಸಿಗಲಿಲ್ಲ. ಸಿಗುವವರೆಗೂ ಒತ್ತುತ್ತಲೇ ಇದ್ದರು. "ಇನ್ನೊಂದು ಕುರ್ಚಿ. ತಾಯಿ ಪಕ್ಕ. ಸಣ್ಣದು, ಮಗೂ ಕಾಲು ನೆಲಕ್ಕೆ ತಾಗ್ಬೇಕು" ಎಂದು ಕೂಗುವುದು ಎಲ್ಲರಿಗೂ ಕೇಳಿಸಿತು.

ನಾವು ತಲುಪಿದಾಗ ಒಂದೂ ಇಪ್ಪತ್ತು. ತಮ್ಮನ ಹೆಂಡತಿ ಅವನ ಮುಖ ನೋಡಿದಳು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದಳು. ಮುಂದಿನ ಸಾಲಿನಲ್ಲಿ ಅಮ್ಮ, ತಮ್ಮನ ಹೆಂಡತಿ, ಅವಳ ಪಕ್ಕದಲ್ಲಿ ಅಂಗನವಾಡಿಯಿಂದ ತಂದ ಕೆಂಪು ಪ್ಲಾಸ್ಟಿಕ್ ಕುರ್ಚಿ. ಗುಂಡಿನ ಸದ್ದಿಗೆ ಮರದ ಹಕ್ಕಿಗಳೆಲ್ಲ ಎದ್ದವು, ದೊಡ್ಡವರೂ ಬೆಚ್ಚಿದರು. ಮಗು ಎರಡೂ ಕೈಯಲ್ಲಿ ತನ್ನ ಕುರ್ಚಿಯ ಅಂಚು ಹಿಡಿದು ಕೂತಿತ್ತು. ಮಡಿಸಿದ ಬಾವುಟ ಹಿಡಿದು ಸುಬೇದಾರರು ಬಂದಾಗ ಮಗುವಿನ ತಾಯಿಗೆ ಕೈಯೆತ್ತಲು ಆಗಲಿಲ್ಲ. ಎತ್ತರದ ಮನುಷ್ಯ ಆತ. ಒಂದು ಗಳಿಗೆ ನೋಡಿ, ಆ ಸಣ್ಣ ಕುರ್ಚಿಯ ಮುಂದೆ ಮೊಣಕಾಲೂರಿದರು. ಮಗು ಎರಡೂ ಕೈ ಚಾಚಿ ಬಾವುಟವನ್ನು ತೆಗೆದುಕೊಂಡಿತು.

ಏಜೆಂಟರು ದೂರದಲ್ಲಿ ಶಾಲೆಯ ಗೋಡೆಗೆ ಒರಗಿ ನಿಂತಿದ್ದರು. ಸಂಜೆ ಅವರನ್ನು ಹುಡುಕಿದೆ. "ತಪ್ಪಾಯ್ತು ತಂಗಿ. ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಸೀಟಿಲ್ಲ ಅಂದ್ನೋ" ಎಂದರು. ನಮ್ಮನ್ನೆಲ್ಲ ಅವನ ಮುಂದೆ ತಂದು ನಿಲ್ಲಿಸಿದ ಮನುಷ್ಯ ನನ್ನಲ್ಲಿ ಕ್ಷಮೆ ಕೇಳುತ್ತಿದ್ದರು. ಸಾವಿನ ಮನೆಯಿಂದ ಹೊರಡುವಾಗ ಯಾರೂ 'ಹೋಗಿ ಬರ್ತೀನಿ' ಎನ್ನುವುದಿಲ್ಲ, 'ಹೋಗಿ ಬನ್ನಿ' ಎಂದು ಕಳಿಸುವುದೂ ಇಲ್ಲ. ಮೂವತ್ತು ವರ್ಷದಿಂದ ಅದೇ ಮಾತು ಆಡಿಕೊಂಡು ಬಂದ ಮನುಷ್ಯ ಬಾಯಿ ಮುಚ್ಚಿಕೊಂಡು ಹೊರಟರು. ಆದರೆ ಟೆಂಪೋದ ಮೈಗೆ ಕೈ ಎರಡು ಸಲ ತಟ್ಟಿಬಿಟ್ಟಿತು. ಅದನ್ನು ಕೇಳಿ ನಾನು ಅತ್ತೆ. ಆ ಎರಡು ದಿನಗಳಲ್ಲಿ ಬಾಯಿಬಿಟ್ಟು ಅತ್ತದ್ದು ಆಗಲೇ.

ಆಮೇಲೆ ಅವರ ಚಾರ್ಟಿನಲ್ಲಿ ಕೈಗೂಸುಗಳ ಹೆಸರೂ ಬರತೊಡಗಿತು. ಸೀಟು ಕೊಡಲಾಗದಿದ್ದರೂ ಅಮ್ಮನ ಚೌಕದೊಳಗೇ ಸಣ್ಣಕ್ಷರದಲ್ಲಿ ಬರೆದು, ಬಾಗಿಲಲ್ಲಿ ಕರೆಯುತ್ತಿದ್ದರು. ಹೆಸರಿಡದ ಕೂಸಾದರೆ 'ಪುಟ್ಟಿ' ಅಥವಾ 'ಪುಟ್ಟ'. ಜನ ನಗುತ್ತಿದ್ದರು. ಮಕ್ಕಳು ಮಾತ್ರ ಗಂಭೀರವಾಗಿ ಹತ್ತುತ್ತಿದ್ದವು.

ಹೋದ ವರ್ಷ ಅವರು ತೀರಿಕೊಂಡರು. ಬಿಸಿಲೇರುವ ಹೊತ್ತಿಗೆ ಕಿಟಕಿ ತೆರೆದೇ ಇತ್ತು, ತಲೆ ಚಾರ್ಟಿನ ಮೇಲಿತ್ತು. ಹುಟ್ಟೂರು ತೀರ್ಥಹಳ್ಳಿಯ ಹತ್ತಿರ, ಕ್ರಿಯೆ ಅಲ್ಲಿ. ವೈಕುಂಠ ಸಮಾರಾಧನೆಯ ದಿನ ಸಾಗರದಿಂದ ಹೋಗುವವರಿಗೆ ಒಂದು ಟೆಂಪೋ ಗೊತ್ತು ಮಾಡಿ, ಹೆಸರು ಬರೆಯುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಅವರ ಮನೆಯವರು ಆ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು, ಗೇಣುದ್ದ ಇದ್ದದ್ದು ಹೆಬ್ಬೆರಳಷ್ಟು ಉಳಿದಿತ್ತು. ಬೆಳಗಾವಿಯಿಂದ ತಮ್ಮನ ಹೆಂಡತಿಯೂ ಮಗಳೂ ಬಂದಿದ್ದರು. ಮಗಳು ಈಗ ನನ್ನ ಭುಜದೆತ್ತರ. ಅವಳಿಗೆ ಒಂದನೇ ನಂಬರೇ ಇರಲಿ ಎಂದು ಮೊದಲು ಅವಳ ಹೆಸರು ಬರೆದೆ.

ಬಾಗಿಲ ಬಳಿ ನಿಂತು ಹದಿಮೂರೂ ಹೆಸರು ಕರೆದು, ಮುಗಿಯಿತೆಂದು ಬಾಗಿಲಿಗೆ ಕೈ ಹಾಕಿದೆ.

"ಅತ್ತಿ, ಆ ಕೂಸಿಂದು?" ಎಂದಳು ಅವಳು.

ಸಾಗರಕ್ಕೇ ಮದುವೆಯಾಗಿ ಬಂದಿದ್ದ ಏಜೆಂಟರ ಮಗಳ ಮಡಿಲಲ್ಲಿ ಹತ್ತು ತಿಂಗಳ ಕೂಸು ಕಣ್ಣರಳಿಸಿ ನನ್ನನ್ನೇ ನೋಡುತ್ತಿತ್ತು. ಈ ಕತೆಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಅವರ ಮೊಮ್ಮಗನನ್ನೇ ಬಿಟ್ಟಿದ್ದೆ.

ತಮ್ಮನ ಮಗಳು ಕೆಳಗಿಳಿದು ಬಂದು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು. ಚಾರ್ಟನ್ನು ಟೆಂಪೋದ ಮೈಗೆ ಒತ್ತಿ ಹಿಡಿದು, ಒಂದನೇ ಚೌಕದಲ್ಲಿದ್ದ ತನ್ನ ಹೆಸರನ್ನು ಹೊಡೆದು, ಪಕ್ಕದಲ್ಲಿ ಕೂಸಿನ ಹೆಸರು ಬರೆದಳು. ಏಜೆಂಟರ ಮಗಳು ಕೂಸನ್ನೆತ್ತಿಕೊಂಡು ಮುಂದಿನ ಸೀಟಿಗೆ ಬಂದು ಕೂತಳು. ಇವಳು ಖಾಲಿಯಾದ ಜಾಗದ ಕಡೆ ನೋಡಲೂ ಇಲ್ಲ, ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕಾಲು ಮಡಚಿ ಕೂತಳು.

"ಮೊದಲಿಂದ ಕರೀರಿ ಅತ್ತಿ" ಎಂದಳು.

ನಾನು ಮೊದಲಿನಿಂದ ಕರೆದೆ.