ಕಂಪ್ಯೂಟರ್ ಟೀಚರ್ ಬೇಕಾಗ್ಯಾರ

ದೋಸ್ತರೇ, ಇವತ್ತ ಸಾಲ್ಯಾಗ ಆಗಿದ್ದು ಹೇಳ್ತೀನಿ.

ಕಮಲಾಪುರದ ಸಾಲ್ಯಾಗ ನಾನು ಕಂಪ್ಯೂಟರ್ ಟೀಚರ್. ಮುಂಜಾನಿ ಸಾಲಿ ಸೆಕ್ರೆಟರಿ ಸಾಹೇಬ್ರು ಕರದು, "ಮೇಡಂ, ಕಂಪ್ಯೂಟರ್ ಟೀಚರ್ ಬೇಕಂತ ಒಂದು ಜಾಹೀರಾತು ಟೈಪ್ ಮಾಡಿ ಫೇಸ್‌ಬುಕ್ಕಿಗೆ ಹಾಕ್ರಿ" ಅಂದ್ರು. ಅಂತೂ ನನ್ನ ಜೊತಿಗೆ ಒಬ್ಬರನ್ನ ತಗೋತಾರ ಅಂತ ಖುಷಿಲೇ ಕುಂತೆ. ಕೆಲಸ ಏನಂದ್ರ, ಮಕ್ಕಳಿಗೆ ಪಾಠ ಹೇಳೋದು ಅಂತ ಮೊದಲ ಬರದೆ. ಅದರ ಕೆಳಗ ಪ್ರಿಂಟರ್ ರಿಪೇರಿ, ಸಾಲಿ ಗ್ಯಾದರಿಂಗಿಗೆ ಮೈಕ್ ಹಚ್ಚೋದು, ಪಾಲಕರಿಗೆ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬಿ ಕೊಡೋದು, ಸಾಹೇಬ್ರ ಮೊಬೈಲ್ ಸರಿ ಮಾಡೋದು ಅಂತನೂ ಬರದೆ.

"ಅವೆಲ್ಲಾ ತಗದ ಹಾಕ್ರಿ. ಓದಿದ್ರ ಯಾರ ಬರ್ತಾರ?" ಅಂದ್ರು ಸಾಹೇಬ್ರು.

"ಮತ್ತ ಅವನ್ನ ಮಾಡೋರು ಯಾರ್ರೀ?"

"ಬಂದೋರು ಮಾಡ್ತಾರ. ಇಷ್ಟ ದಿನ ನೀವು ಮಾಡಿಲ್ಲೇನು?"

ಆ "ಇಷ್ಟ ದಿನ" ಎದಿಗೆ ಚುಚ್ಚಿತು. "ಸರ್, ಪೋಸ್ಟ್ ಎಷ್ಟವ?" ಅಂತ ಕೇಳಿದೆ.

"ಒಂದ."

"ನಾನಿದ್ದೀನಲ್ರೀ."

ಅವರು ಮ್ಯಾಲ ಫ್ಯಾನ್ ನೋಡಿದ್ರು. "ಐತಾರ ನಮ್ಮ ಮೊಮ್ಮಗನ ತೊಟ್ಟಿಲ ಕಾರ್ಯಕ್ರಮಕ್ಕ ಸೌಂಡ್ ಬಾಕ್ಸ್ ಹಚ್ಚಾಕ ಬರ್ರಿ ಅಂದ್ರ ಆಗಲ್ಲ ಅಂದ್ರಿ. ನಮಗ ಹೇಳಿದ ಕೆಲಸ ಮಾಡೋರು ಬೇಕು."

ತಗೀರಿ ಅಂದದ್ದೆಲ್ಲಾ ತಗದೆ. ಕಡೀಕ ಫೋನ್ ನಂಬರ್ ಯಾರದು ಹಾಕ್ಲಿ ಅಂದೆ.

"ನಿಮ್ಮದ ಹಾಕ್ರಿ. ಸಾಲಿ ನೋಟಿಸಿಗೆಲ್ಲಾ ನಿಮ್ಮದ ಇರ್ತದಲ್ಲ" ಅಂದು ಚಹಾಕ್ಕ ಹೋದ್ರು. ಹಾಕಿದೆ.

ಈಗ ಖೂಬಾ ಪ್ಲಾಟ್ ಓಣ್ಯಾಗಿನ ನಮ್ಮ ಮನ್ಯಾಗ ಕುಂತೀನಿ. ಫೋನ್ ಒಂದೇ ಸವನ ಬರ್ಲಾಕತ್ತಾವ. ಎಲ್ಲಾರೂ ಕೇಳೋದು ಒಂದೇ: "ಕೆಲಸ ಏನೇನಿರ್ತದ್ರೀ ಮೇಡಂ?"

ತಗದಿದ್ದೆಲ್ಲಾ ಬಿಡದಂಗ ಹೇಳ್ಲಾಕತ್ತೀನಿ. ತೊಟ್ಟಿಲದ ಸೌಂಡ್ ಬಾಕ್ಸ್ ಹೊಸದಾಗಿ ಸೇರಿಸೀನಿ.